ಹಿರಿಯರ ವಸತಿ ನೋಡಲು ಹೋದಾಗ ರಾತ್ರಿ ಪಾಳಿಯ ಬಗ್ಗೆ ಕೇಳಿ

ಹಿರಿಯರ ವಸತಿಗೆ ಹೋದವರಿಗೆ ಮೊದಲು ಹೂಕುಂಡವಿಟ್ಟ ಹಜಾರ ತೋರಿಸುತ್ತಾರೆ, ಆಮೇಲೆ ಮಾದರಿ ಕೋಣೆ. ಎರಡೂ ಚೆನ್ನಾಗಿಯೇ ಇರುತ್ತವೆ. ಆದರೆ ರಾತ್ರಿ 2 ಗಂಟೆಗೆ ಬಾತ್‌ರೂಮಿಗೆಂದು ಎದ್ದ ಅಮ್ಮ ಗಂಟೆ ಒತ್ತಿದರೆ ಯಾರು ಬರುತ್ತಾರೆ, ಎಷ್ಟು ನಿಮಿಷಕ್ಕೆ ಬರುತ್ತಾರೆ? ನಿಮಗೆ ಬೇಕಾದದ್ದು ಇದಕ್ಕೆ ಉತ್ತರ.

ಜಾಗ ಹುಡುಕುವ ಮೊದಲು ಒಂದು ವಾರ ಮನೆಯಲ್ಲೇ ಗಮನಿಸಿ ಬರೆದಿಡಿ. ಸ್ನಾನ, ಬಟ್ಟೆ ತೊಡುವುದು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ: ಈ ಆರರಲ್ಲಿ ಯಾವುದು ತಾವಾಗಿಯೇ ಆಗುತ್ತದೆ, ಯಾವುದಕ್ಕೆ ಒಬ್ಬರು ಕೈಕೊಡಬೇಕು, ಯಾವುದನ್ನು ಪೂರ್ತಿ ಮಾಡಿಸಬೇಕು? ಮಕ್ಕಳು ಎಡವುವುದು ಇಲ್ಲೇ. ‘ಸ್ನಾನ ಅವರೇ ಮಾಡ್ಕೋತಾರೆ’ ಅನ್ನುತ್ತಾರೆ. ನೀರು ಹದ ಮಾಡಿಟ್ಟು, ಬೆನ್ನುಜ್ಜಿ, ಕಾಲೊರೆಸಿ, ಜಾರದಂತೆ ತೋಳು ಹಿಡಿಯುವವರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೀಗೆ ಕಡಿಮೆ ಹೇಳಿ ಸೇರಿಸಿದರೆ ಎರಡನೇ ತಿಂಗಳಿಗೆ ಹೆಚ್ಚುವರಿ ಬಿಲ್ಲು ಬರುತ್ತದೆ, ಇಲ್ಲವೇ ‘ನಮ್ಮಲ್ಲಿ ಆಗೋದಿಲ್ಲ’ ಎಂಬ ಫೋನು. ಮುಂದೆ ನಡೆಯಲಾಗದಿದ್ದರೆ, ಮರೆಗುಳಿತನ ಹೆಚ್ಚಿದರೆ ಅಲ್ಲೇ ಇಟ್ಟುಕೊಳ್ಳುತ್ತಾರೆಯೇ ಎಂದೂ ಈಗಲೇ ಕೇಳಿ. ವಯಸ್ಸಾದ ಮೇಲೆ ಎರಡೆರಡು ಸಲ ಜಾಗ ಬದಲಿಸುವುದು ದೊಡ್ಡ ಹಿಂಸೆ.

ಒಮ್ಮೆ ಹೇಳಿ ಹೋಗಿ, ಇನ್ನೊಮ್ಮೆ ಹೇಳದೆ, ರಜಾದಿನದ ಸಂಜೆ ಊಟದ ಹೊತ್ತಿಗೆ ಹೋಗಿ. ಒಂದು ಮೂಲೆಯಲ್ಲಿ ಮೂತ್ರದ ವಾಸನೆ ಬಂದರೆ ಆಗಷ್ಟೇ ಏನೋ ಆಗಿರಬಹುದು. ಓಣಿಯುದ್ದಕ್ಕೂ ಬಂದರೆ ಕೈಗಳು ಸಾಲುತ್ತಿಲ್ಲ ಎಂದರ್ಥ. ಮೂಗಿಗೆ ಹೊಡೆಯುವ ಸುಗಂಧವನ್ನೂ ಅನುಮಾನದಿಂದಲೇ ನೋಡಿ. ತಿನ್ನಿಸಬೇಕಾದವರ ಪಕ್ಕ ಯಾರಾದರೂ ಕೂತಿದ್ದಾರೆಯೇ, ತಟ್ಟೆ ಅರ್ಧಕ್ಕೇ ಎತ್ತಿಕೊಂಡು ಹೋಗುತ್ತಾರೆಯೇ, ನೀರಿನ ಲೋಟ ಕೈಗೆಟಕುವಂತಿದೆಯೇ ನೋಡಿ. ತಿಂಗಳಿಗೊಮ್ಮೆ ತೂಕ ಬರೆದಿಡುವ ಜಾಗದಲ್ಲಿ ಯಾರಾದರೂ ಸೊರಗುತ್ತಿದ್ದರೆ ಬೇಗ ಗೊತ್ತಾಗುತ್ತದೆ.

ಅಳತೆಯ ಟೇಪು ಜೊತೆಗಿರಲಿ. ವೀಲ್‌ಚೇರ್ ಸಲೀಸಾಗಿ ಹೋಗಲು ಬಾಗಿಲು 80 ಸೆಂ.ಮೀ.ಗಿಂತ ಕಿರಿದಾಗಬಾರದು. ಕಮೋಡ್ ಸೀಟು ನೆಲದಿಂದ 43ರಿಂದ 48 ಸೆಂ.ಮೀ. ಇದ್ದರೆ ಏಳಲು ಸುಲಭ. ಇಳಿಜಾರು 1:12 ಇರಬೇಕು, ಅಂದರೆ 15 ಸೆಂ.ಮೀ. ಎತ್ತರಕ್ಕೆ 180 ಸೆಂ.ಮೀ. ಉದ್ದ. ಗೋಡೆಯ ಹಿಡಿಕೆಯನ್ನು ಮೈಭಾರ ಹಾಕಿ ಎಳೆದು ನೋಡಿ. ಕೆಲವು ಕಡೆ ಅದು ಬರೀ ಟವೆಲ್ ಕಂಬಿ. ಬಾತ್‌ರೂಮಿನ ಕರೆಗಂಟೆಯ ಹಗ್ಗ ನೆಲದ ಹತ್ತಿರದವರೆಗೆ ಇಳಿದಿರಬೇಕು, ಬಿದ್ದವರ ಕೈ ಗೋಡೆಯ ಸ್ವಿಚ್ಚಿಗೆ ಎಟುಕುವುದಿಲ್ಲ. ಅನುಮತಿ ಕೇಳಿ ಒಮ್ಮೆ ಎಳೆದು ಗಡಿಯಾರ ನೋಡಿ.

ರಾತ್ರಿಯ ವಿಷಯದಲ್ಲಿ ‘ಇಪ್ಪತ್ನಾಲ್ಕು ಗಂಟೆ ಸಿಬ್ಬಂದಿ ಇದ್ದಾರೆ’ ಎಂಬ ಮಾತಿಗೆ ಸುಮ್ಮನಾಗಬೇಡಿ. ಎಚ್ಚರವಿರುವವರು ಎಷ್ಟು ಜನ, ಎಷ್ಟು ಹಿರಿಯರಿಗೆ, ಎಷ್ಟು ಮಹಡಿಗೆ? ಹಾಸಿಗೆ ಹಿಡಿದವರನ್ನು ಹೊರಳಿಸಲು ಎಷ್ಟೋ ಸಲ ಇಬ್ಬರು ಬೇಕು. ಆ ಇಬ್ಬರು ಒಂದು ಕೋಣೆಯಲ್ಲಿದ್ದಾಗ ಉಳಿದ ಗಂಟೆಗಳಿಗೆ ಯಾರು ಓಡುತ್ತಾರೆ? ಮಾತ್ರೆ ಕೊಡುವವರು ನರ್ಸೋ ಸಹಾಯಕರೋ ಎಂದೂ ಕೇಳಿ. ಪಾರ್ಕಿನ್ಸನ್ ಇದ್ದವರಿಗಂತೂ ಹೊತ್ತು ತಪ್ಪಿದರೆ ಮೈ ಬಿಗಿದು ಏಳಲಾಗದ ಸ್ಥಿತಿ ಬರಬಹುದು. ‘ಬೆಳಗಿನ ರೌಂಡ್‌ನಲ್ಲಿ ಕೊಡ್ತೀವಿ’ ಎಂಬ ಉತ್ತರ ಅವರಿಗೆ ಸಾಲದು.

ಒಪ್ಪಂದವನ್ನು ಮನೆಗೆ ತಂದು ಓದಿ. ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ಆಸ್ಪತ್ರೆಯಲ್ಲಿದ್ದಾಗ ಪೂರ್ತಿ ಶುಲ್ಕವೇ, ವರ್ಷಕ್ಕೆ ಎಷ್ಟು ಏರಿಕೆ, ಯಾವ ಕಾರಣಕ್ಕೆ ಖಾಲಿ ಮಾಡಿಸಬಹುದು, ಡೈಪರ್ ಯಾರ ಖರ್ಚು? ಬಾಯಿಮಾತಿನ ಭರವಸೆ ವ್ಯವಸ್ಥಾಪಕರು ಬದಲಾದ ದಿನವೇ ಮುಗಿಯುತ್ತದೆ.

ಕೊನೆಗೆ ಉಳಿದ ಎರಡು ಜಾಗಗಳನ್ನು ಅಪ್ಪ ಅಮ್ಮನಿಗೇ ತೋರಿಸಿ, ಆಯ್ಕೆ ಅವರದ್ದಾಗಲಿ. ಸಾಧ್ಯವಿದ್ದರೆ ಎರಡರಿಂದ ನಾಲ್ಕು ವಾರ ಪ್ರಯೋಗಕ್ಕೆ ಇದ್ದು ನೋಡಲಿ. ಮೊದಲ ದಿನಗಳಲ್ಲಿ ‘ಕರ್ಕೊಂಡು ಹೋಗು’ ಅನ್ನುವುದು ಸಹಜ. ಪೆಟ್ಟು, ಹಸಿವು, ಹೆದರಿಕೆಯ ಮಾತು ಬಂದರೆ ಮಾತ್ರ ತಕ್ಷಣ ವಿಚಾರಿಸಿ. ಸೇರುವ ದಿನ ಬಟ್ಟೆ, ಕನ್ನಡಕ, ಕಿವಿಯ ಯಂತ್ರದ ಪೆಟ್ಟಿಗೆ ಎಲ್ಲದರ ಮೇಲೂ ಹೆಸರಿರಲಿ. ಹಲ್ಲುಸೆಟ್ಟಿಗೆ ಮುಚ್ಚಳದ ಡಬ್ಬಿ ಕೊಡಿ: ಊಟದ ನಡುವೆ ತೆಗೆದು ಕಾಗದದಲ್ಲಿ ಸುತ್ತಿಟ್ಟರೆ ಅದು ತಟ್ಟೆಯ ಜೊತೆಗೇ ಕಸದ ಬುಟ್ಟಿ ಸೇರುತ್ತದೆ.