ಅಕ್ಕನನ್ನು ಬೇರೆ ಕೂರಿಸಿ ಕೇಳಿದ ಮೇಲೆ

2009ರಲ್ಲಿ ಸಿಂಗಪುರದಲ್ಲಿ ನಮ್ಮ ಫ್ಲ್ಯಾಟಿನ ಮಹಡಿಯಲ್ಲೇ ಇಬ್ಬರು ಚೀನೀ ಅಜ್ಜಿಯರಿದ್ದರು, ಅಕ್ಕ-ತಂಗಿ. ಮನೆಮಾತು ಕ್ಯಾಂಟೊನೀಸ್. "ಇವರ ಯುದ್ಧಕಾಲದ ನೆನಪು ರೆಕಾರ್ಡ್ ಮಾಡಬೇಕು, ಜೊತೆಗಿರ್ತೀರಾ ಆಂಟಿ?" ಅಂತ ತಂಗಿಯ ಮೊಮ್ಮಗಳು ಕೇಳಿದಳು. ಊರಲ್ಲಿ ಅಜ್ಜಿಯ ಹಾಡುಗಳನ್ನು ಟೇಪ್ ಮಾಡಿದ್ದವಳು ನಾನು, ಒಪ್ಪಿಕೊಂಡೆ. ಅವಳು ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಬರೆದುಕೊಳ್ಳುವುದು.

ಇಬ್ಬರನ್ನೂ ಒಟ್ಟಿಗೆ ಕೂರಿಸಿದ್ದೇ ಮೊದಲ ತಪ್ಪು. ತಂಗಿ ಟೀಚರಾಗಿದ್ದವರು, ಮಾತಿಗೆ ನಿಂತರೆ ನಿಲ್ಲಿಸುವವರಿಲ್ಲ. ಅಕ್ಕ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು. ಎರಡು ಗಂಟೆಯ ರೆಕಾರ್ಡಿಂಗಿನಲ್ಲಿ ಅವರ ದನಿ ನಾಲ್ಕು ಸಲ ಕೇಳಿದ್ದರೆ ಹೆಚ್ಚು.

ಎರಡನೆಯ ತೊಡಕು ಇಂಗ್ಲಿಷಿನದು. ಮೊಮ್ಮಗಳ ಬಾಯಲ್ಲಿ ಎಲ್ಲರೂ 'ಸಿಸ್ಟರ್'. ಅಕ್ಕಿಗೆ ಸಾಲು ನಿಂತವಳು ಯಾರು, ಜ್ವರ ಬಂದು ಮಲಗಿದವಳು ಯಾರು? ಮತ್ತೆ ಟೇಪ್ ಹಾಕಿ ಕಿವಿಗೊಟ್ಟೆ. 'ಕಾ ಚೆ' ಅಂದರೆ ಅಕ್ಕ, 'ಮುಯ್' ಅಂದರೆ ತಂಗಿ. ನಮ್ಮಂತೆಯೇ ಎರಡು ಬೇರೆ ಬೇರೆ ಮಾತು! ಆಮೇಲೆ ಆ ಎರಡು ಶಬ್ದ ಕೇಳಿದಲ್ಲೆಲ್ಲ ಅಂಚಿನಲ್ಲಿ ಗುರುತು ಹಾಕಿಕೊಂಡೆ.

ಇಸವಿ ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ, ಹಬ್ಬ ಕೇಳಿದರೆ ಸಿಗುತ್ತಿತ್ತು. ಸಿಂಗಪುರ ಜಪಾನೀಯರ ಕೈಗೆ ಬಿದ್ದ 1942ರ ಫೆಬ್ರವರಿ 15 ಚೀನೀಯರ ಹೊಸವರ್ಷದ ದಿನ. ಇಬ್ಬರೂ ಅದನ್ನು ಮರೆತಿರಲಿಲ್ಲ. ಅಕ್ಕ ಡ್ರ್ಯಾಗನ್ ವರ್ಷದವರು (1928), ತಂಗಿ ನಾಯಿ ವರ್ಷದವರು (1934). ಹುಟ್ಟಿದಾಗಲೇ ಒಂದು, ಪ್ರತಿ ಹೊಸವರ್ಷಕ್ಕೆ ಇನ್ನೊಂದು ಸೇರಿಸುವ ಲೆಕ್ಕ ಅವರದು. ಹಾಗಾಗಿ "ಆಗ ನನಗೆ ಒಂಬತ್ತು" ಅಂದ ತಂಗಿಗೆ ನಮ್ಮ ಲೆಕ್ಕದಲ್ಲಿ ಏಳೇ. ಸಂವತ್ಸರದ ಹೆಸರಿನಲ್ಲಿ ವಯಸ್ಸು ಹೇಳುವ ಹಿರಿಯರನ್ನು ಕಂಡ ನಮಗೆ ಇದು ಕಷ್ಟವಲ್ಲ. ಅವರದೂ ಅರವತ್ತು ವರ್ಷದ ಚಕ್ರವೇ.

"ಯುದ್ಧದಲ್ಲಿ ಏನಾಯಿತು?" ಅಂದರೆ "ಕಷ್ಟ ಇತ್ತು" ಅನ್ನುತ್ತಿದ್ದರು, ಅಷ್ಟೆ. "ಬೆಳಿಗ್ಗೆ ಏನು ತಿನ್ನುತ್ತಿದ್ದಿರಿ?" ಅಂದಾಗ ಮರಗೆಣಸು ಬಂತು. ಬಾಳೆಗಿಡದ ಚಿತ್ರವಿದ್ದ ಜಪಾನೀ ನೋಟು ಬಂತು, ಅದು 1945ರಲ್ಲಿ ಬರೀ ಕಾಗದವಾದದ್ದು ಬಂತು.

ಒಂದು ದಿನ ತಂಗಿ ಆಸ್ಪತ್ರೆಗೆ ಹೋಗಿದ್ದಾಗ ಅಕ್ಕ ತಾವೇ ಕರೆದರು. ಅಂಗಿಯ ಕಥೆ ಹೊರಬಿದ್ದದ್ದು ಅವತ್ತು.

ತಂಗಿ ಹೇಳಿದ್ದು ಹೀಗೆ: "ಅಪ್ಪ ಕೊಳೆ ಅಂಗಿ ಹಾಕಿಕೊಂಡೇ ತಿರುಗುತ್ತಿದ್ದರು. ಅಕ್ಕ ಸೋಮಾರಿ, ಒಗೆಯುತ್ತಿರಲಿಲ್ಲ." ಇದನ್ನು ನಗುತ್ತಲೇ ಹೇಳಿದ್ದರು. ಅಕ್ಕನ ಪ್ರಕಾರ, ಊರು ಬಿದ್ದ ಕೆಲವೇ ದಿನಕ್ಕೆ ಅಪ್ಪ, ಚಿಕ್ಕಪ್ಪ ಇಬ್ಬರೂ ಜಪಾನೀಯರು ತಮ್ಮ ವಿರೋಧಿಗಳನ್ನು ಹುಡುಕಲು ನಡೆಸಿದ ತಪಾಸಣೆಗೆ ಹೋದರು. ಚೀನೀ ಗಂಡಸರು, 18ರಿಂದ 50 ವರ್ಷದವರು, ಹಾಜರಾಗಲೇಬೇಕಿತ್ತು. ಪಾಸಾದವರಿಗೆ ಚೀಟಿಯ ಮೇಲೆ, ಕೆಲವರಿಗೆ ತೋಳು ಅಥವಾ ಅಂಗಿಯ ಮೇಲೇ ಮುದ್ರೆ. ಮೂರನೇ ದಿನ ಅಪ್ಪ ಮುದ್ರೆಯ ಅಂಗಿಯಲ್ಲಿ ಮನೆಗೆ ಬಂದರು. ಚಿಕ್ಕಪ್ಪ ಬರಲೇ ಇಲ್ಲ. ಅಂಗಿಗೆ ನೀರು ಸೋಕಿಸಬಾರದೆಂದು ಅಮ್ಮ ಕಟ್ಟುನಿಟ್ಟಾಗಿ ಹೇಳಿದ್ದರಂತೆ. ಅದೇ ವಾರ ಅಕ್ಕನ ಜಡೆ ಕತ್ತರಿಸಿ ಹುಡುಗರ ಷರ್ಟು ತೊಡಿಸಿದರು.

ಅಪ್ಪ ಅದೇ ರಾತ್ರಿ ವಾಪಸು ಬಂದರು ಅನ್ನುವುದು ತಂಗಿಯ ನೆನಪು. ನಾನು ಎರಡನ್ನೂ ಬರೆದುಕೊಂಡೆ, ಯಾವುದನ್ನೂ ತಿದ್ದಲಿಲ್ಲ. ಏಳು ವರ್ಷದ ಮಗುವಿಗೆ ಮನೆಯವರು ಏನು ಹೇಳಿದ್ದರೋ.

ಯುದ್ಧ ಮುಗಿದ ಮೇಲಿನದನ್ನು ಅಕ್ಕ ಎರಡೇ ಮಾತಿನಲ್ಲಿ ಮುಗಿಸಿದರು. ಹನ್ನೊಂದರ ತಂಗಿ ಒಂದನೇ ತರಗತಿಗೆ ಸೇರಿದಳು. ಅಂಥ ದೊಡ್ಡ ಮಕ್ಕಳು ಆಗ ಶಾಲೆಗಳಲ್ಲಿ ತುಂಬ ಇದ್ದರು. ಹದಿನೇಳರ ಅಕ್ಕ ಹೊಲಿಗೆಗೆ ಕೂತಳು, ಫೀಸು ಅದರಿಂದಲೇ. ಓದು ಬರಹ ಅವರಿಗೆ ಕೊನೆವರೆಗೂ ಬರಲಿಲ್ಲ. ಹಾಗಾಗಿ ಬರೆದದ್ದನ್ನು ಓದಿ ಹೇಳಿಯೇ ಒಪ್ಪಿಗೆ ಪಡೆಯಬೇಕಿತ್ತು. ಚಿಕ್ಕಪ್ಪನ ಹೆಸರು ಬೇಡ ಅಂದರು, ತೆಗೆದೆ.

ಅಂಗಿಯ ಭಾಗವನ್ನು ಮೊಮ್ಮಗಳು ಕ್ಯಾಂಟೊನೀಸಿನಲ್ಲಿ ಓದಿದಾಗ ತಂಗಿಯೂ ಅಲ್ಲಿದ್ದರು. ಅಕ್ಕನ ಕಡೆ ತಿರುಗಿ ಏನೋ ಕೇಳಿದರು. ಅಕ್ಕ ಒಂದೇ ಮಾತಿನಲ್ಲಿ ಉತ್ತರಿಸಿ ಸೊಪ್ಪಿನ ಬುಟ್ಟಿಯನ್ನು ಅವರತ್ತ ತಳ್ಳಿದರು. ಮೊಮ್ಮಗಳು ಅದನ್ನು ಇಂಗ್ಲಿಷಿಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಷಿನ್ ಆಗಲೇ ಆಫ್ ಮಾಡಿಯಾಗಿತ್ತು.