ಲಾಟ್ಕೆ ಮಾಡುವಾಗ ಹಿಂಡಿದ ನೀರು ಚೆಲ್ಲಬೇಡಿ

ಯಹೂದಿಗಳ ಹನುಕ್ಕಾ ಹಬ್ಬಕ್ಕೆ ಲಾಟ್ಕೆ (ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ತುರಿಯ ಬಿಲ್ಲೆ) ಮಾಡುವವರು ಆಲೂಗಡ್ಡೆ, ಈರುಳ್ಳಿ ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಿ, ಆ ನೀರನ್ನು ಬಟ್ಟಲಲ್ಲಿ 10 ನಿಮಿಷ ಅಲುಗಿಸದೆ ಬಿಡಿ. ಆಮೇಲೆ ಮೇಲಿನ ಕಂದು ನೀರನ್ನು ಮೆಲ್ಲಗೆ ಬಗ್ಗಿಸಿದರೆ ತಳದಲ್ಲಿ ಸುಣ್ಣದ ಹಾಗೆ ಬೆಳ್ಳಗೆ ಪಿಷ್ಟ ಕೂತಿರುತ್ತದೆ. ಅದನ್ನು ಬೆರಳಿನಿಂದ ಕೆರೆದು ಮತ್ತೆ ತುರಿಗೇ ಕಲಸಿ, ಮೊಟ್ಟೆ, ಉಪ್ಪು ಹಾಕಿ ಕರಿಯಿರಿ. ತುರಿಯಲ್ಲಿ ನೀರು ಉಳಿದರೆ ಎಣ್ಣೆಯಲ್ಲಿ ಆವಿಯೆದ್ದು ಲಾಟ್ಕೆ ಬೇಯುತ್ತದೆಯೇ ಹೊರತು ಗರಿಗರಿಯಾಗುವುದಿಲ್ಲ. ಈ ಪಿಷ್ಟವಾದರೋ ತುರಿಯನ್ನು ಹಿಡಿದಿಡುತ್ತದೆ, ಅಂಚೂ ಚೆನ್ನಾಗಿ ಕೆಂಪಗಾಗುತ್ತದೆ. ಮೈದಾ ಬಹುಪಾಲು ಬೇಕಾಗುವುದೇ ಇಲ್ಲ. ಹಾಗಾಗಿ ಗೋಧಿ ಹಿಟ್ಟು ಮುಟ್ಟದ, ಯಹೂದಿಗಳದೇ ಇನ್ನೊಂದು ಹಬ್ಬವಾದ ಪೆಸಾಹ್‌ಗೂ ಇದೇ ಕ್ರಮ ನಡೆಯುತ್ತದೆ, ನನಗಂತೂ ಇದೇ ದೊಡ್ಡ ಅನುಕೂಲ. ಎಳೆ ಆಲೂಗಡ್ಡೆಯಲ್ಲಿ ಪಿಷ್ಟ ಕಮ್ಮಿ, ತಳದಲ್ಲಿ ಹೆಚ್ಚೇನೂ ನಿಲ್ಲುವುದಿಲ್ಲ. ಆಗ ಒಂದೆರಡು ಚಮಚ ಅಂಗಡಿಯ ಆಲೂಗಡ್ಡೆ ಪಿಷ್ಟ ಸೇರಿಸಲೇಬೇಕು. ಉಪ್ಪು ಹಾಕಿ ಕಲಸಿದ್ದನ್ನು ತುಂಬ ಹೊತ್ತು ಇಟ್ಟರೂ ಕೆಲಸ ಕೆಡುತ್ತದೆ, ತುರಿ ಮತ್ತೆ ನೀರು ಬಿಡುತ್ತದೆ. ಹಾಗೇನಾದರೂ ಆದರೆ ಒಂದೊಂದು ಹಿಡಿಯನ್ನೂ ಅಂಗೈಯಲ್ಲಿ ಒತ್ತಿ ಹಿಂಡಿಯೇ ಬಾಣಲೆಗೆ ಬಿಡಿ.