ಲೈಬ್ರರಿಯಲ್ಲಿ ವಾಲಿ ಮಾತಾಡಿದ್ದು

ನಮ್ಮ ಲೈಬ್ರರಿ ಅಂದರೆ ಪಂಚಾಯತ್ ಆಫೀಸಿನ ಪಕ್ಕದ ಒಂದು ಹಂಚಿನ ಕೋಣೆ. ಐದು ಕಪಾಟು, ಎರಡು ಉದ್ದ ಮೇಜು, ಮಳೆಗಾಲದಲ್ಲಿ ಬಕೆಟ್ ಇಡಲೇಬೇಕಾದ ಒಂದು ಮೂಲೆ. ದಕ್ಷಿಣ ಕನ್ನಡದ ಒಳಗಿನ ಊರು. ಕಾಗದದಲ್ಲಿ ನಾನು ಗ್ರಂಥಾಲಯ ಮೇಲ್ವಿಚಾರಕಿ, ಮಕ್ಕಳಿಗೆ ಲೈಬ್ರರಿ ಅಕ್ಕ.

ಲೈಬ್ರರಿಗೂ ಕಲೆಗೂ ಏನು ಸಂಬಂಧ ಅಂತ ಮೊದಲು ಯಾರಾದರೂ ಕೇಳಿದ್ದರೆ 700ರ ಸಾಲು ತೋರಿಸಿ ಸುಮ್ಮನಾಗುತ್ತಿದ್ದೆ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕಲೆಗೆ ಸಿಕ್ಕಿದ ಸಂಖ್ಯೆ ಅದು. 780 ಸಂಗೀತ, 792 ರಂಗಭೂಮಿ. ನಮ್ಮಲ್ಲಿ ಆ ಸಾಲಿನಲ್ಲಿ ಇದ್ದದ್ದು ಎರಡು ರಂಗೋಲಿ ಪುಸ್ತಕ, ಚಿತ್ರ ಬಿಡಿಸಲು ಕಲಿಸುವ ಒಂದು ಪುಸ್ತಕ, ಅದರಲ್ಲೂ ಕುದುರೆಯ ಪುಟ ಹರಿದಿತ್ತು.

2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಕೊರೊನಾ, ಶಾಲೆಗೆ ಬೀಗ. ಆಗ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳನ್ನು ದುಡ್ಡಿಲ್ಲದೆ ಸದಸ್ಯರನ್ನಾಗಿ ಮಾಡಿಕೊಂಡೆವು. ಅಲ್ಲಿಯವರೆಗೆ ಬೆಳಿಗ್ಗೆ ಪೇಪರ್ ಓದುವ ಏಳೆಂಟು ಹಿರಿಯರು ಬಿಟ್ಟರೆ ಹೊಸ್ತಿಲು ದಾಟುವವರೇ ಕಮ್ಮಿ. ಒಮ್ಮೆಗೇ ಚಪ್ಪಲಿಗಳ ರಾಶಿ. ಕಥೆ ಓದಿಸಿದೆ, ಬಣ್ಣ ಹಾಕಿಸಿದೆ, ಒಗಟು ಕೇಳಿದೆ. ಎರಡು ತಿಂಗಳಲ್ಲಿ ನನ್ನ ಚೀಲ ಖಾಲಿ.

ಪೇಪರ್ ಓದುವ ಹಿರಿಯರಲ್ಲಿ ಒಬ್ಬರು ನಿವೃತ್ತ ಮಾಷ್ಟ್ರು. ನನಗೂ ನಾಲ್ಕನೇ ಕ್ಲಾಸಿನಲ್ಲಿ ಕಲಿಸಿದವರು. ತಾಳಮದ್ದಳೆಯಲ್ಲಿ ಅರ್ಥ ಹೇಳಿ ಅಭ್ಯಾಸ ಇದ್ದವರು. ಒಂದು ದಿನ ಕನ್ನಡಕ ಹಣೆಗೇರಿಸಿ ಕೇಳಿದರು, “ಎಂತ ಮಾರಾಯ್ತಿ, ಇಷ್ಟು ಪುಸ್ತಕ ಉಂಟು, ಒಂದು ಪ್ರಸಂಗ ಇಲ್ವಾ?”

ಇರಲಿಲ್ಲ. ಯಕ್ಷಗಾನದ ಊರಿನ ಲೈಬ್ರರಿಯಲ್ಲಿ ಒಂದೇ ಒಂದು ಪ್ರಸಂಗ ಪುಸ್ತಕ, ಅಂದರೆ ಯಕ್ಷಗಾನದ ಕಥೆಯನ್ನು ಪದ್ಯದಲ್ಲಿ ಹೇಳುವ ಪುಸ್ತಕ, ಇರಲಿಲ್ಲ. ಸಗಟು ಖರೀದಿಯಲ್ಲಿ ಬಂದದ್ದನ್ನು ಜೋಡಿಸಿಡುವುದಷ್ಟೇ ಕೆಲಸ ಅಂದುಕೊಂಡಿದ್ದೆ ನಾನು. ಊರಿಗೆ ಏನು ಬೇಕು ಅಂತ ಕೇಳಿಯೇ ಇರಲಿಲ್ಲ.

ಘಟ್ಟದ ಮೇಲಿನವರಿಗಾಗಿ ಒಂದು ಮಾತು. ನಮ್ಮಲ್ಲಿ ವೇಷ ಕಟ್ಟಿ ಕುಣಿಯುವುದು ‘ಆಟ’, ಕೂತು ಮಾತಾಡುವುದು ‘ಕೂಟ’. ಕೂಟ ಅಂದರೆ ತಾಳಮದ್ದಳೆ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ಅರ್ಥಧಾರಿಗಳು ಮಾಮೂಲಿ ಬಟ್ಟೆಯಲ್ಲಿ ಎದುರುಬದುರು ಕೂತು ಪಾತ್ರವಾಗಿ ಮಾತಾಡುತ್ತಾರೆ. ಆ ಮಾತಿಗೇ ‘ಅರ್ಥ’ ಅನ್ನುವುದು. ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಮಾತು ಎಲ್ಲೂ ಬರೆದಿರುವುದಿಲ್ಲ. ಅದನ್ನು ಅಲ್ಲೇ, ಆಗಲೇ ಕಟ್ಟಬೇಕು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಆಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಹೊರಗೆ ಮಳೆ ಹೊಡೆಯುವಾಗ ಕೂಟಗಳ ಭರಾಟೆ.

ಯೋಚನೆ ಮಾಡಿ. ಬಣ್ಣ ಬೇಡ, ಕಿರೀಟ ಬೇಡ, ರಂಗಸ್ಥಳ ಬೇಡ. ಒಂದು ಚಾಪೆ ಮತ್ತು ತಲೆಯಲ್ಲಿ ಒಂದಿಷ್ಟು ಓದು ಇದ್ದರೆ ಸಾಕು. ಲೈಬ್ರರಿಯಲ್ಲಿ ಮಾಡಲಿಕ್ಕೇ ಹುಟ್ಟಿದ ಕಲೆ ಇದು ಅಂತ ನನಗೆ ಹೊಳೆದದ್ದು ಮಾಷ್ಟ್ರು ಕೇಳಿದ ಆ ರಾತ್ರಿ.

ಮೊದಲ ತೊಂದರೆ ಪುಸ್ತಕದ್ದೇ. ಪ್ರಸಂಗ ಪುಸ್ತಕಗಳು ತೆಳ್ಳಗೆ, ಮೂವತ್ತು ನಲವತ್ತು ಪುಟ. ಬೆನ್ನೇ ಇರುವುದಿಲ್ಲ, ಸಂಖ್ಯೆ ಎಲ್ಲಿ ಅಂಟಿಸುವುದು? ಕಪಾಟಿನಲ್ಲಿ ನಿಲ್ಲಿಸಿದರೆ ಎರಡು ದಪ್ಪ ಕಾದಂಬರಿಗಳ ಹಿಂದೆ ಜಾರಿ ಮಾಯ. ಸಾಹಿತ್ಯದಲ್ಲಿ ಇಡುವುದಾ, ರಂಗಭೂಮಿಯಲ್ಲಾ, ಜಾನಪದದಲ್ಲಾ ಅನ್ನುವ ಗೊಂದಲ ಬೇರೆ. ಕೊನೆಗೆ ಸಂಖ್ಯೆಯ ಚಿಂತೆ ಬಿಟ್ಟು ಬಾಗಿಲ ಹತ್ತಿರ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಒಂದೊಂದನ್ನೇ ನೇತುಹಾಕಿದೆ. ಮುಖಪುಟ ಕಾಣುತ್ತದೆ, ಕೈಗೆ ಸಿಗುತ್ತದೆ. ಇದು ಯಾವ ಪದ್ಧತಿ ಅಂತ ಪರಿಶೀಲನೆಗೆ ಬಂದವರೊಬ್ಬರು ಕೇಳಿದರು. “ಒಗೆದ ಬಟ್ಟೆ ಪದ್ಧತಿ ಸರ್” ಅಂದೆ. ನಕ್ಕರು, ಪುಣ್ಯ.

ಮಾಷ್ಟ್ರು ತಮ್ಮ ಹತ್ತಿರ ಇದ್ದ ಹನ್ನೊಂದು ಪ್ರತಿ ತಂದರು. ಕೆಲವು ಹಳೆಯವು, ಉಡುಪಿಯ ಪಾವಂಜೆ ಗುರುರಾಯರು ಅಚ್ಚು ಹಾಕಿಸಿದವು. ಅವರ ಪ್ರಕಾಶನದ ಹೆಸರು ಶ್ರೀಮನ್ಮಧ್ವಸಿದ್ಧಾಂತ ಗ್ರಂಥಾಲಯ. ಪುಸ್ತಕ ಅಚ್ಚು ಹಾಕಿ ಮಾರುವವರೂ ಆಗ ಗ್ರಂಥಾಲಯ ಅಂತಲೇ ಹೆಸರಿಡುತ್ತಿದ್ದರು, ನನಗಂತೂ ಖುಷಿಯಾಯಿತು. ಪುಟ ಮುಟ್ಟಿದರೆ ಪುಡಿ. ಹಾಗಾಗಿ ಅವುಗಳನ್ನು ಪಾಲಿಥೀನ್ ಕವರಿನಲ್ಲಿಟ್ಟು, ಮಕ್ಕಳ ಕೈಗೆ ಜೆರಾಕ್ಸ್ ಕೊಟ್ಟೆ. ಯಕ್ಷವಾಹಿನಿ ಬಳಗದವರು ಅಂತರ್ಜಾಲದಲ್ಲಿ ಇಟ್ಟಿರುವ ಪ್ರಸಂಗಗಳಿಂದಲೂ ಕೆಲವು ತೆಗೆದುಕೊಂಡೆ. ಹೊಸ ಕವಿಗಳ ಪ್ರಸಂಗವಾದರೆ ಮಾತ್ರ ಕೇಳಿಯೇ ಜೆರಾಕ್ಸ್ ಮಾಡುವುದು. ಕವಿ ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ಕಡೆಯವರದ್ದೇ.

ಮಾಷ್ಟ್ರ ಪ್ರತಿಗಳ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು. ಎಲ್ಲಿ ಪದ್ಯ ಬಿಡಬೇಕು, ಎಲ್ಲಿ ಮುಂದಿನ ಪದ್ಯಕ್ಕೆ ಎತ್ತುಗಡೆ ಕೊಡಬೇಕು, ಎಲ್ಲಿ ಎದುರಿನವರು ಜಗ್ಗಾಡುತ್ತಾರೆ. ಪುಸ್ತಕದಲ್ಲಿ ಗೀಚಬಾರದು ಅಂತ ಗೋಡೆಗೆ ಬೋರ್ಡ್ ಹಾಕಿದವಳೇ ನಾನು. ಈಗ ಆ ಬೋರ್ಡಿನ ಕೆಳಗೆ ಸಣ್ಣದಾಗಿ ಬರೆದಿದ್ದೇನೆ: ಪ್ರಸಂಗದ ಜೆರಾಕ್ಸಿನಲ್ಲಿ ಪೆನ್ಸಿಲ್ ಆಗಬಹುದು.

ಮೊದಲ ಕೂಟ ಕೆಟ್ಟಿತು. ಅದನ್ನು ಹೇಳದಿದ್ದರೆ ಮೋಸ.

ನಾವು ಆರಿಸಿದ್ದು ವಾಲಿಯ ಕಥೆ. ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಿಂದಾಗಿ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಭಾಗ. ಮಕ್ಕಳಿಗೆ ಸುಲಭವಾಗಲಿ ಅಂತ ನಾನೇ ರಾತ್ರಿ ಕೂತು ವಾಲಿಗೆ ಎರಡು ಪುಟ, ರಾಮನಿಗೆ ಎರಡು ಪುಟ ಅರ್ಥ ಬರೆದುಕೊಟ್ಟೆ. ಎರಡೇ ವಾರದಲ್ಲಿ ಬಾಯಿಪಾಠ. ಪಂಚಾಯತ್ ಸಭಾಂಗಣದಲ್ಲಿ ಅಪ್ಪ ಅಮ್ಮಂದಿರ ಮುಂದೆ ಕೂರಿಸಿದೆವು. ರಾಮ ಮೂರನೇ ಸಾಲು ಮರೆತ. ಅವನು ನಿಂತ ಕೂಡಲೇ ವಾಲಿಯೂ ನಿಂತ, ಯಾಕೆಂದರೆ ವಾಲಿಯ ಮಾತು ಶುರುವಾಗುವುದು ರಾಮನ ಕೊನೆಯ ವಾಕ್ಯ ಮುಗಿದ ಮೇಲೆ. ಇಬ್ಬರೂ ನನ್ನ ಮುಖ ನೋಡುತ್ತಾ ಕೂತರು. ಬಾಣ ತಾಗಿದ್ದು ಯಾರಿಗೆ ಅಂತ ಗೊತ್ತಾಗದ ಹಾಗೆ.

“ನೀನು ಮಾಡಿಸಿದ್ದು ಭಾಷಣ ಸ್ಪರ್ಧೆ” ಅಂದರು ಮಾಷ್ಟ್ರು. ಬೇಜಾರಾಯಿತು. ಆದರೆ ಹೌದಲ್ವಾ?

ಎರಡನೇ ಸಲ ಬರೆದುಕೊಡುವುದನ್ನು ಪೂರ್ತಿ ಬಿಟ್ಟೆ. ಹತ್ತಿರದ ಕಾಲೇಜೊಂದರ ಗ್ರಂಥಾಲಯ ಕಂಪ್ಯೂಟರಿಗೆ ಬದಲಾದಾಗ ಬಳಸದ ಕ್ಯಾಟಲಾಗ್ ಕಾರ್ಡುಗಳನ್ನು ರದ್ದಿಗೆ ಹಾಕುತ್ತಿದ್ದರು, ಕೇಳಿ ತಂದಿದ್ದೆ. ಹನ್ನೆರಡೂವರೆ ಸೆಂಟಿಮೀಟರ್ ಉದ್ದ, ಏಳೂವರೆ ಅಗಲ, ಕೆಳಗೆ ಒಂದು ತೂತು. ಮಕ್ಕಳಿಗೆ ನಿಯಮ ಇಷ್ಟೇ: ಒಂದು ಕಾರ್ಡಿಗೆ ಒಂದೇ ವಾದ. ಮೇಲೆ ಪಾತ್ರದ ಹೆಸರು, ನಡುವೆ ವಾದ ಒಂದೇ ಸಾಲಿನಲ್ಲಿ, ಕೆಳಗೆ ಯಾವ ಪುಸ್ತಕ, ಎಷ್ಟನೇ ಪುಟ. ಮಾತು ಬರೆಯುವ ಹಾಗಿಲ್ಲ. ಮಾತು ಬಾಯಲ್ಲೇ ಹುಟ್ಟಬೇಕು.

ಕಾರ್ಡ್ ತುಂಬಬೇಕಾದರೆ ಓದಬೇಕು, ಬೇರೆ ದಾರಿ ಇಲ್ಲ. ಶನಿವಾರ ಮಧ್ಯಾಹ್ನ ಮೇಜಿನ ಮೇಲೆ ವಾಲ್ಮೀಕಿ ರಾಮಾಯಣದ ಕನ್ನಡ ಅನುವಾದ, ತೊರವೆ ರಾಮಾಯಣ, ಮಕ್ಕಳ ರಾಮಾಯಣ ಎರಡು ಮೂರು, ನಿಘಂಟು ಒಂದು. ತೊರವೆ ರಾಮಾಯಣದ ಭಾಮಿನಿ ಷಟ್ಪದಿ ಮಕ್ಕಳಿಗೆ ಒಮ್ಮೆಗೇ ದಕ್ಕುವುದಿಲ್ಲ. ಮಾಷ್ಟ್ರು ರಾಗವಾಗಿ ಓದುತ್ತಿದ್ದರು, ತಿಳಿಯದ ಶಬ್ದಕ್ಕೆ ಮಕ್ಕಳು ನಿಘಂಟಿಗೆ ಮುಗಿಬೀಳುತ್ತಿದ್ದರು. ಆ ನಿಘಂಟು ಲೈಬ್ರರಿಗೆ ಬಂದಾಗಿನಿಂದ ಅದರ ಹೊಲಿಗೆ ಸಡಿಲವಾದದ್ದು ಅದೇ ಮೊದಲು.

ವಾಲ್ಮೀಕಿಯ ಕಿಷ್ಕಿಂಧಾ ಕಾಂಡದ 17ನೇ ಸರ್ಗದಲ್ಲಿ ವಾಲಿಯ ಆಕ್ಷೇಪ, 18ರಲ್ಲಿ ರಾಮನ ಉತ್ತರ. ಏಳನೇ ಕ್ಲಾಸಿನ ಹುಡುಗಿ ಒಬ್ಬಳು 17ನ್ನು ಹಿಡಿದು ಕೂತಳು. ಅವಳ ಕಾರ್ಡುಗಳು ನನ್ನ ಹತ್ತಿರ ಈಗಲೂ ಇವೆ. “ನನ್ನ ಚರ್ಮ ಉಡಲಿಕ್ಕಾಗುವುದಿಲ್ಲ, ಮಾಂಸ ತಿನ್ನುವ ಹಾಗಿಲ್ಲ, ಬೇಟೆ ಯಾಕೆ?” ಅಂತ ಒಂದು. “ನನ್ನನ್ನೇ ಕೇಳಿದ್ದರೆ ಸೀತೆಯನ್ನು ಒಂದೇ ದಿನದಲ್ಲಿ ತರುತ್ತಿದ್ದೆ” ಅಂತ ಇನ್ನೊಂದು. ರಾಮನ ಪಾತ್ರದ ಹುಡುಗ 18ರಿಂದ ಹೆಕ್ಕಿದ: ಈ ಭೂಮಿ ಭರತನ ಆಳ್ವಿಕೆಗೆ ಸೇರಿದ್ದು, ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡದ್ದು ತಪ್ಪು, ಬೇಟೆಯವರು ಮರೆಯಲ್ಲಿ ನಿಂತೇ ಹೊಡೆಯುತ್ತಾರೆ. ಕೊನೆಯದನ್ನು ಓದಿದ ಕೂಡಲೇ ಹುಡುಗಿ, “ಹಾಗಾದರೆ ನೀನು ನನ್ನನ್ನು ಮೃಗ ಅಂತ ಒಪ್ಪಿದೆ. ಮೃಗಕ್ಕೆ ತಮ್ಮನ ಹೆಂಡತಿ ಅಂತ ಲೆಕ್ಕ ಉಂಟಾ?” ಅಂದಳು.

ಮಾಷ್ಟ್ರು ಪೇಪರ್ ಕೆಳಗಿಟ್ಟರು. ಇದು ಯಾವ ಕಾರ್ಡಿನಲ್ಲೂ ಇರಲಿಲ್ಲ. ದೊಡ್ಡ ಅರ್ಥಧಾರಿಗಳು ಎತ್ತುವ ಪ್ರಶ್ನೆಯೇ ಇದು, ಹೊಸತಲ್ಲ. ಆದರೆ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ತಿಂಗಳು ಇನ್ನೊಬ್ಬ ಹುಡುಗ ಕೈಯಲ್ಲಿ ಪುಸ್ತಕ ಹಿಡಿದು ಓಡಿ ಬಂದ. “ಅಕ್ಕಾ, ಇದರಲ್ಲಿ ವಾಲಿ ಸಾಯುವುದೇ ಇಲ್ಲ!” ಜೈನ ರಾಮಾಯಣಗಳ ಬಗ್ಗೆ ಬರೆದ ಪುಸ್ತಕ ಅದು. ಅಲ್ಲಿ ವಾಲಿ ರಾಜ್ಯ ಬಿಟ್ಟು ದೀಕ್ಷೆ ತೆಗೆದುಕೊಂಡು ಮುನಿಯಾಗುತ್ತಾನೆ. ಯಾವುದು ಸರಿ ಅಂತ ಮಕ್ಕಳು ನನ್ನನ್ನು ಕೇಳಿದರು. ನಾನು ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ತೆರೆದಿಟ್ಟು ಟೀ ತರಲು ಹೋದೆ. ಮಾಷ್ಟ್ರಿಗೆ ಮೊದಲು ಇದು ಹಿಡಿಸಲಿಲ್ಲ, ಪ್ರಸಂಗದ ಚೌಕಟ್ಟು ಬಿಟ್ಟು ಹೋಗಬಾರದು ಅನ್ನುವುದು ಅವರ ಮಾತು. ಕೂಟದಲ್ಲಿ ಅವರ ಮಾತೇ ನಡೆಯಲಿ, ಲೈಬ್ರರಿಯಲ್ಲಿ ಕಪಾಟಿನ ಮಾತು ನಡೆಯಲಿ ಅಂತ ಒಪ್ಪಂದವಾಯಿತು.

ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಪ್ರತಿ ವರ್ಷ ಆಗಸ್ಟ್ 12ರಂದು, ಅವರ ಹುಟ್ಟುಹಬ್ಬಕ್ಕೆ, ಫೋಟೋಕ್ಕೆ ಹೂ ಇಟ್ಟು ಇದನ್ನು ಓದಿ ಹೇಳುತ್ತೇವೆ. ಆ ಜೈನ ರಾಮಾಯಣದ ಪುಸ್ತಕದ ಹಿಂದಿನ ಚೀಟಿ ತೆಗೆದು ನೋಡಿದೆ. ಆ ಹುಡುಗನಿಗಿಂತ ಮೊದಲು ಒಬ್ಬರೂ ಅದನ್ನು ಕೊಂಡೊಯ್ದಿರಲಿಲ್ಲ.

ಗಲಾಟೆಯ ವಿಷಯಕ್ಕೆ ಬರುತ್ತೇನೆ. ಚೆಂಡೆಯ ಸದ್ದು ಹಂಚಿನ ಮಾಡಿನ ಕೆಳಗೆ ಹೇಗಿರುತ್ತದೆ ಅಂತ ಕೇಳಿದವರಿಗೇ ಗೊತ್ತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಇಬ್ಬರು ಹುಡುಗರು ಪಂಚಾಯತಿಗೆ ದೂರು ಕೊಟ್ಟರು. ಅವರದ್ದು ತಪ್ಪೇನಲ್ಲ. ಆದರೆ ಅದನ್ನೇ ಹಿಡಿದುಕೊಂಡು ಒಬ್ಬರು, “ಸರ್ಕಾರದ ದುಡ್ಡಲ್ಲಿ ಕೂಟ ಯಾಕೆ?” ಅಂದರು. ನಾನು ಮೆಲ್ಲಗೆ ಹೇಳಿದೆ, ಆಸ್ತಿ ತೆರಿಗೆಯಲ್ಲಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಅಂತ ನೀವೇ ಕಟ್ಟುವುದು, ನಿಮ್ಮದೇ ಮಕ್ಕಳು ಕೂತದ್ದು. ಆಮೇಲೆ ಸಮಯ ಬದಲಿಸಿದೆ. ಶನಿವಾರ ಮೂರರಿಂದ ಐದು ಮಾತ್ರ. ಚೆಂಡೆ ತಿಂಗಳಿಗೆ ಒಂದೇ ದಿನ, ಅದೂ ಸಭಾಂಗಣದಲ್ಲಿ. ಉಳಿದ ವಾರ ಮೊಬೈಲಿನಲ್ಲಿ ಶ್ರುತಿ, ಮೇಜಿನ ಮೇಲೆ ಬೆರಳಲ್ಲಿ ತಾಳ. ಆ ಇಬ್ಬರು ಹುಡುಗರಲ್ಲಿ ಒಬ್ಬ ಈಗ ಐದು ಗಂಟೆಯವರೆಗೆ ಹೊರಗೆ ಜಗಲಿಯಲ್ಲಿ ಕೂತು ಕೇಳುತ್ತಾನೆ. ಒಳಗೆ ಬಾ ಅಂದರೆ ಬರುವುದಿಲ್ಲ.

ಮಾಷ್ಟ್ರ ಅರ್ಥವನ್ನು ರೆಕಾರ್ಡ್ ಮಾಡಿಡಬೇಕು ಅಂತ ನನಗೆ ಮೊದಲಿನಿಂದ ಆಸೆ. ಅವರು ಒಪ್ಪಲಿಲ್ಲ. “ರೆಕಾರ್ಡ್ ಮಾಡಿದರೆ ನಾಳೆ ಅದೇ ನಿನ್ನ ಎರಡು ಪುಟ ಆಗ್ತದೆ” ಅಂದರು. ಹಳೆಯ ಗಾಯಕ್ಕೆ ಸರಿಯಾಗಿ ಕೈ ಹಾಕಿದರು. ಒಂದು ವರ್ಷ ಹೀಗೇ ಎಳೆದಾಟ. ಕಡೆಗೆ ಹೀಗೆ ಮಾಡಿದೆವು: ರೆಕಾರ್ಡ್ ಆಗಲಿ, ಆದರೆ ಮಗು ತನ್ನದೇ ಅರ್ಥವನ್ನು ಒಮ್ಮೆ ಕೂಟದಲ್ಲಿ ಹೇಳಿದ ಮೇಲೆಯೇ ಆ ಪಾತ್ರದ ಆಡಿಯೊ ಕೇಳಿಸುವುದು. ಫೈಲಿಗೆ ಪ್ರಸಂಗ, ಪಾತ್ರ, ತಾರೀಕು ಸೇರಿಸಿ ಹೆಸರಿಡುತ್ತೇನೆ. ಶುರುವಿನಲ್ಲಿ ಹಾಗೆ ಮಾಡದೆ ಮೊಬೈಲ್ ಕೊಟ್ಟ ಸಂಖ್ಯೆಯಲ್ಲೇ ಬಿಟ್ಟ ಒಂಬತ್ತು ಫೈಲುಗಳಿವೆ, ಅದರಲ್ಲಿ ಯಾವುದು ಯಾವುದು ಅಂತ ಪೂರ್ತಿ ಕೇಳಿದರೇ ಗೊತ್ತಾಗುವುದು. ಇದನ್ನು ಮಾಡುವ ಯೋಚನೆ ಇರುವವರು ಮೊದಲ ದಿನವೇ ಹೆಸರು ಸರಿ ಮಾಡಿ.

ಖರ್ಚು ಜಾಸ್ತಿ ಇಲ್ಲ. ಜೆರಾಕ್ಸ್, ಚಾಪೆ, ಶೂ ಡಬ್ಬಿ. ಒಂದೊಂದು ಪಾತ್ರಕ್ಕೆ ಒಂದು ಶೂ ಡಬ್ಬಿ, ಅದರಲ್ಲಿ ಕಾರ್ಡುಗಳು. ಹಿಂದಿನ ಮಕ್ಕಳ ಕಾರ್ಡ್ ಮುಂದಿನವರು ನೋಡಬಹುದು, ಆದರೆ ಹೊಸದಾಗಿ ಎರಡಾದರೂ ಸೇರಿಸಬೇಕು. ವಾಲಿಯ ಡಬ್ಬಿ ಮುಚ್ಚಲಾಗದಷ್ಟು ತುಂಬಿದೆ. ರಾಮನದ್ದು ಅರ್ಧ.

ಕಳೆದ ಶನಿವಾರ ಅದೇ ಹುಡುಗಿ ಬಂದಿದ್ದಳು, ಈಗ ಹೈಸ್ಕೂಲು. ಯುದ್ಧಕ್ಕೆ ಹೋಗಬೇಡ ಅಂತ ವಾಲಿಯ ಹೆಂಡತಿ ತಾರೆ ಮೊದಲೇ ಹೇಳಿದ್ದಳಲ್ಲ, ಅವಳಿಗೆ ಯಾಕೆ ಡಬ್ಬಿ ಇಲ್ಲ ಅಂತ ಕೇಳಿದಳು. ಶೂ ಡಬ್ಬಿ ಸಿಗಲಿಲ್ಲ. ಮಿಠಾಯಿ ಡಬ್ಬಿಗೆ ಚೀಟಿ ಅಂಟಿಸಿ ಕೊಟ್ಟೆ. ಸದ್ಯ ಅದರಲ್ಲಿ ಎರಡೇ ಕಾರ್ಡ್ ಇವೆ.